ಹುಡುಕಾಟಕ್ಕೊಂದು ಎಲ್ಲೆ

ಬೇಕಾದುದು ದೊರೆಯದಿರುವ ಕಷ್ಟ ಒಂದು ಬಗೆಯದು. ಬೇಡವಾದುದು ರಾಶಿಯಾಗಿ ಬಂದು ಬೇಕಾದುದನ್ನು ಮುಚ್ಚಿಬಿಡುವ ಕಷ್ಟ ಇನ್ನೊಂದು ಬಗೆಯದು. ಅಂತರ್ಜಾಲದಲ್ಲಿ ನಮ್ಮವರು ದಿನವೂ ಅನುಭವಿಸುತ್ತಿರುವುದು ಈ ಎರಡನೆಯದನ್ನು.

ಧನಕವಡಿಯ ಕೊಠಡಿಯೊಂದರಲ್ಲಿ ನಾಲ್ವರೊಡನೆ ವಾಸಿಸುವ ಗುಮಾಸ್ತನೊಬ್ಬನು ರಾತ್ರಿ ಊಟ ಮುಗಿಸಿ, ಪತ್ರಿಕೆಯೊಂದರ ಜಾಲತಾಣದಲ್ಲಿ 'ಧನಕವಡಿ' ಎಂದು ಬರೆದು ಹುಡುಕುತ್ತಾನೆಂದು ಭಾವಿಸೋಣ. ಅವನಿಗೆ ಬೇಕಾದುದು ಸಮೀಪದಲ್ಲಿಯೇ ಒಂದು ಉದ್ಯೋಗದ ಪ್ರಕಟಣೆ. ಬರುವುದೋ ಸಾತಾರಾ ರಸ್ತೆಯ ವಾಹನಸಂದಣಿ, ಶಂಕರ ಮಹಾರಾಜರ ಮಠದ ಉತ್ಸವ, ಭಾರತೀ ವಿದ್ಯಾಪೀಠದ ಪ್ರವೇಶದ ವಾರ್ತೆ! ಪ್ರಕಟಣೆಯು ಎಲ್ಲಿಯೋ ಹತ್ತನೆಯ ಪುಟದಲ್ಲಿ ಅಡಗಿರುತ್ತದೆ. ಅದು ಕಣ್ಣಿಗೆ ಬೀಳುವ ವೇಳೆಗೆ ಅರ್ಜಿಯ ಅವಧಿಯೇ ತೀರಿರಬಹುದು. 'ಉದ್ಯೋಗ ವಿಭಾಗದಲ್ಲಿ ಮಾತ್ರ ಹುಡುಕು' ಎಂದು ಯಂತ್ರಕ್ಕೆ ಹೇಳುವ ಅನುಕೂಲವಿದ್ದರೆ ಅವನ ಶ್ರಮ ಉಳಿಯುತ್ತಿತ್ತು. ಹೇಳಲು ಇದು ಸುಲಭ. ವಿಳಂಬವಿಲ್ಲದೆ ನಡೆಸಿಕೊಡುವುದರಲ್ಲಿ ಒಂದು ಜಾಣ್ಮೆಯಿದೆ.

ಆ ಜಾಣ್ಮೆಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಇದೇ ಪುಣೆಯ ಯೆರವಡೆಯಲ್ಲಿರುವ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತದ ಮಹಾಕೋಶವೊಂದರ ಕಾರ್ಯವು 1948ರಲ್ಲಿ ಆರಂಭವಾಯಿತು. ಸುಮಾರು 1500 ಗ್ರಂಥಗಳಿಂದ ಆಯ್ದ ಸುಮಾರು 1 ಕೋಟಿ ಚೀಟಿಗಳು ಅಲ್ಲಿನ ಪೆಟ್ಟಿಗೆಗಳಲ್ಲಿ ಅಕಾರಾದಿಯಾಗಿ ಕುಳಿತಿವೆ. ಪದವೊಂದನ್ನು ಅರಸುವವನು 1500 ಗ್ರಂಥಗಳನ್ನು ಓದಬೇಕಾಗಿಲ್ಲ. ಆ ಪದದ ಚೀಟಿಗಳನ್ನು ತೆಗೆದರಾಯಿತು. ಪ್ರತಿ ಚೀಟಿಯಲ್ಲಿಯೂ ಪದವು ಯಾವ ಗ್ರಂಥದ್ದೆಂಬ ಗುರುತು ಇದೆ. ಅಂತರ್ಜಾಲದ ಹುಡುಕಾಟದ ಒಳಗುಟ್ಟೂ ಇದೇ. ಯಂತ್ರವು ಪುಟಗಳನ್ನು ಮೊದಲೇ ಓದಿ, ಒಂದೊಂದು ಪದಕ್ಕೂ ಅದಿರುವ ಪುಟಗಳ ಸಂಖ್ಯೆಗಳ ಪಟ್ಟಿಯನ್ನು ಬರೆದಿಟ್ಟುಕೊಂಡಿರುತ್ತದೆ.

ಇನ್ನು ವಿಭಾಗದ ಮಾತು. ಆಲಸ್ಯದ ದಾರಿಯೆಂದರೆ ಇಡೀ ತಾಣದಲ್ಲಿ ಹುಡುಕಿ, ಬಂದುದರಲ್ಲಿ ಬೇಡವಾದುದನ್ನು ಅನಂತರ ತೆಗೆದುಹಾಕುವುದು. ಮಾಣಿಯು ಅಡುಗೆಮನೆಯಲ್ಲಿದ್ದ ತಿಂಡಿಗಳನ್ನೆಲ್ಲ ಮೇಜಿಗೆ ತಂದು, ಕೇಳದಿದ್ದವನ್ನು ಹಿಂದಕ್ಕೆ ಒಯ್ದಂತೆ! ತಡವಾಗುವುದು ಮಾತ್ರವಲ್ಲ, ಮೋಸವೂ ಆಗುತ್ತದೆ. ಯಂತ್ರವು ಮೊದಲ ನೂರು ಫಲಗಳನ್ನಷ್ಟೇ ತೆಗೆದುಕೊಂಡು ಜರಡಿ ಹಿಡಿದರೆ, ಆ ನೂರರಲ್ಲಿ ಉದ್ಯೋಗದ ಪುಟ ಒಂದೂ ಇಲ್ಲದಿರಬಹುದು. ಆಗ ಗುಮಾಸ್ತನಿಗೆ ದೊರೆಯುವ ಉತ್ತರ 'ಏನೂ ಇಲ್ಲ' ಎಂದು. ಪ್ರಕಟಣೆಯೋ ನೂರಾ ಒಂದನೆಯ ಸ್ಥಾನದಲ್ಲಿ ಕುಳಿತಿರುತ್ತದೆ.

ಸರಿಯಾದ ದಾರಿಯಲ್ಲಿ, ವಿಭಾಗದ ಹೆಸರನ್ನೂ ಒಂದು ಪದದಂತೆಯೇ ಭಾವಿಸಿ ಅದಕ್ಕೂ ಪುಟಗಳ ಪಟ್ಟಿಯೊಂದನ್ನು ಮೊದಲೇ ಸಿದ್ಧಪಡಿಸಿಡುತ್ತಾರೆ. 'ಧನಕವಡಿ'ಯ ಪಟ್ಟಿಯಲ್ಲಿ 5000 ಪುಟಗಳಿದ್ದು, 'ಉದ್ಯೋಗ'ದ ಪಟ್ಟಿಯಲ್ಲಿ 300 ಇದ್ದರೆ, ಯಂತ್ರವು ಚಿಕ್ಕದನ್ನು ಕೈಯಲ್ಲಿ ಹಿಡಿದು ದೊಡ್ಡದರೊಡನೆ ತಾಳೆ ನೋಡುತ್ತದೆ. ಎರಡೂ ಸಂಖ್ಯಾಕ್ರಮದಲ್ಲಿರುವುದರಿಂದ ನಡುವಣ ಸಾವಿರಾರು ಪುಟಗಳನ್ನು ಹಾರಿ ಮುಂದೆ ಸಾಗಬಹುದು.

ವಿಭಾಗದೊಳಗೆ ಉಪವಿಭಾಗ, ಅದರೊಳಗೆ ಮತ್ತೊಂದು ಇದ್ದರೇನು ಮಾಡುವುದು? ಇದಕ್ಕೆ ನಮ್ಮ ಅಂಚೆಯವರು 1972ರ ಆಗಸ್ಟ್ 15ರಂದೇ ಉತ್ತರ ಕೊಟ್ಟಿದ್ದಾರೆ. ಪಿನ್ ಕೋಡ್ ಪದ್ಧತಿ ಅಂದು ಬಂದಿತು; ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ಕವಿಗಳೂ ಆಗಿದ್ದರೆಂಬುದು ಸಂತೋಷದ ಸಂಗತಿ. ಧನಕವಡಿಯ ಸಂಖ್ಯೆ 411043. ಮೊದಲ 4 ಎಂಬುದು ಮಹಾರಾಷ್ಟ್ರವೂ ಸೇರಿದ ವಲಯ, 411 ಎಂದರೆ ಪುಣೆ, ಉಳಿದ ಮೂರು ಅಂಕಿಗಳಿಂದ ಅಂಚೆಕಚೇರಿ ತಿಳಿಯುತ್ತದೆ. ಇಲ್ಲಿಂದ ಕುಂದಾಪುರದ ಮನೆಗೆ ಬರೆದ ಕಾಗದಕ್ಕೆ 576201 ಎಂದಿದ್ದರೆ, ವಿಂಗಡಿಸುವವನು ಮೊದಲ ಮೂರು ಅಂಕಿಗಳಿಂದಲೇ ಅದನ್ನು ಉಡುಪಿಯ ಚೀಲಕ್ಕೆ ಹಾಕಬಹುದು. ಬೀದಿಯ ಹೆಸರನ್ನು ಓದಬೇಕಾಗಿಲ್ಲ. ಜಾಲತಾಣದ ಪುಟದ ಮೇಲೆಯೂ ಹೀಗೆ ಹಿರಿದರಿಂದ ಕಿರಿದಕ್ಕೆ ಪೂರ್ಣ ಗುರುತಿದ್ದರೆ, ಮೊದಲ ಭಾಗವನ್ನಷ್ಟೇ ನೋಡಿ ಇಡೀ ಶಾಖೆಯನ್ನು ಆಯ್ದುಕೊಳ್ಳಬಹುದು. ಪುಟವು ಬೇರೆ ವಿಭಾಗಕ್ಕೆ ಹೋದಾಗ ಗುರುತನ್ನು ಬದಲಿಸುವ ಕೆಲಸವೊಂದು ಹೆಚ್ಚುತ್ತದೆ, ಅಷ್ಟೆ.

ತಾಣದವರು ಈ ಅನುಕೂಲವನ್ನು ಮಾಡಿಕೊಡದಿದ್ದರೂ ವಾಚಕರು ಕೈಕಟ್ಟಿ ಕೂರಬೇಕಾಗಿಲ್ಲ. ಗೂಗಲ್‌ನಲ್ಲಿ ಪದವನ್ನು ಬರೆದು, ಪಕ್ಕದಲ್ಲಿ 'ಸೈಟ್' ಎಂಬ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮೇಲೊಂದು ಕೆಳಗೊಂದು ಎರಡು ಚುಕ್ಕೆಗಳನ್ನಿಟ್ಟು, ತೆರಪು ಬಿಡದೆ ತಾಣದ ವಿಳಾಸವನ್ನು ಸೇರಿಸಿದರೆ ಆ ತಾಣದ ಫಲಗಳು ಮಾತ್ರ ಬರುತ್ತವೆ. ವಿಳಾಸದ ಮುಂದೆ ಓರೆಗೆರೆಯೆಳೆದು ವಿಭಾಗದ ಹೆಸರನ್ನೂ ಬರೆದರೆ ಹುಡುಕಾಟವು ಆ ವಿಭಾಗಕ್ಕೇ ಸೀಮಿತವಾಗುತ್ತದೆ. ಆದರೆ ತಾಣವು ತನ್ನ ಪುಟಗಳ ವಿಳಾಸದಲ್ಲಿ ವಿಭಾಗದ ಹೆಸರನ್ನು ಉಳಿಸಿಕೊಂಡಿದ್ದರೆ ಮಾತ್ರ ಇದು ಸಾಧ್ಯ.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ಸೂಚನೆ. ನಮ್ಮ ಭಾಷೆಯಲ್ಲಿ ವಿಭಕ್ತಿಗಳು ಪದಕ್ಕೆ ಅಂಟಿಕೊಂಡೇ ಬರುತ್ತವೆ. 'ಧನಕವಡಿ' ಬೇರೆ, 'ಧನಕವಡಿಯಲ್ಲಿ' ಬೇರೆ ಎಂದು ತಿಳಿಯುವ ಯಂತ್ರಗಳು ಇನ್ನೂ ಇವೆ. 'ಧನಕವಾಡಿ' ಎಂದು ಬರೆಯುವವರೂ ಇದ್ದಾರೆ. ವಿಭಾಗವನ್ನು ಸರಿಯಾಗಿ ಆರಿಸಿದ ಮೇಲೂ ಫಲ ದೊರೆಯದಿದ್ದರೆ ಈ ರೂಪಗಳನ್ನೂ ಒಂದೊಂದಾಗಿ ಬರೆದು ನೋಡಬೇಕು.