ಮದ್ದು ಮುಗಿದರೂ ಆರೈಕೆ ಮುಗಿಯದು

ಚಿಂತಾಮಣಿ ತಾಲೂಕಿನ ಅಂಬಾಜಿದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಹಿಡಿಯುವ ದಾರಿ ಹೆಚ್ಚು ಕಡಿಮೆ ಒಂದೇ. ಮೊದಲು ಚಿಂತಾಮಣಿಯ ಆಸ್ಪತ್ರೆ, ಅಲ್ಲಿಂದ ಕೋಲಾರ ಅಥವಾ ಬೆಂಗಳೂರು. ಕ್ಯಾನ್ಸರ್ ಎಂದಾದರೆ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯ ಬಾಗಿಲು. ಅಲೆದಾಡಿ, ಸಾಲ ಮಾಡಿ, ಕೊನೆಗೆ ಕೆಲವರು ವೈದ್ಯರಿಂದ ಆ ಮಾತು ಕೇಳಬೇಕಾಗುತ್ತದೆ: "ಇನ್ನು ಮನೆಗೆ ಕರೆದುಕೊಂಡು ಹೋಗಿ."

ಎಲ್ಲವೂ ಮುಗಿಯಿತೆಂದೇ ಮನೆಯವರು ತಿಳಿಯುತ್ತಾರೆ. ಆದರೆ ಓದುಗರೇ, ಯೋಚಿಸಿ ನೋಡಿ. ಗುಣಪಡಿಸುವ ಚಿಕಿತ್ಸೆ ಮುಗಿದಿರಬಹುದು. ಮಲಗಿರುವವರ ನೋವು, ಬಾಯಾರಿಕೆ, ನಾಚಿಕೆ, ಭಯ ಇವು ಯಾವುವೂ ಮುಗಿದಿಲ್ಲ.

ಇಸ್ಲಾಮೀ ಇತಿಹಾಸದಲ್ಲಿ ಇದಕ್ಕೊಂದು ಉದಾಹರಣೆಯಿದೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು(ರ) ಪ್ರವಾದಿವರ್ಯರು(ಸ) ಮದೀನದ ಮಸೀದಿಯಲ್ಲಿದ್ದ ರುಫೈದಾರ(ರ) ಡೇರೆಯಲ್ಲಿ ಇರಿಸಿದರು. ಬೆಳಿಗ್ಗೆ ಸಂಜೆ ಹೋಗಿ ವಿಚಾರಿಸುತ್ತಿದ್ದರು. ಸಅದ್(ರ) ಆ ಗಾಯದಿಂದಲೇ ತೀರಿಕೊಂಡರು. ಹಾಗೆಂದು ಆ ಆರೈಕೆ ವ್ಯರ್ಥವಾಯಿತೆಂದು ಯಾರು ಹೇಳಿಯಾರು?

ನಮ್ಮ ಕಾಲದಲ್ಲಿ ಈ ಕಾಯಕವನ್ನು ವೈದ್ಯಶಾಸ್ತ್ರದ ಭಾಗವಾಗಿಸಿದವರು ಬ್ರಿಟನ್ನಿನ ಸಿಸಿಲಿ ಸಾಂಡರ್ಸ್. ದಾದಿಯಾಗಿ ವೃತ್ತಿ ಆರಂಭಿಸಿ ಬಳಿಕ ವೈದ್ಯೆಯಾದ ಅವರು 1967ರಲ್ಲಿ ಲಂಡನ್ನಿನಲ್ಲಿ, ಗುಣವಾಗದ ರೋಗಿಗಳಿಗಾಗಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮ ತೆರೆದರು. ರೋಗಿಯ ನೋವು ದೇಹದ್ದಷ್ಟೇ ಅಲ್ಲ, ಮನಸ್ಸು, ಸಂಸಾರ, ಆತ್ಮ ಎಲ್ಲವೂ ಅದರಲ್ಲಿ ಸೇರಿವೆ ಎಂಬುದು ಅವರ ನಿಲುವು. ಬೆಂಗಳೂರಿನ ಕರುಣಾಶ್ರಯವೂ ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಒಳರೋಗಿಗಳಾಗಿ ಇಟ್ಟುಕೊಂಡು ಉಚಿತವಾಗಿ ಆರೈಕೆ ಮಾಡುತ್ತಿದೆ.

ಅಲ್ಲಿಗೆ ಹೋಗಲಾಗದವರು ಮನೆಯಲ್ಲೇ ಮಾಡಬಹುದಾದದ್ದು ಬಹಳಷ್ಟಿದೆ. ಏಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿದರೆ ಬೆನ್ನು, ಸೊಂಟದಲ್ಲಿ ಹುಣ್ಣಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಒಣಗಿದ ತುಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬೇಡವೆಂದರೆ ಊಟಕ್ಕೆ ಬಲವಂತ ಬೇಡ. ಮೈ ಮುಟ್ಟುವ ಮೊದಲು ಹೇಳಿ ಮುಟ್ಟಿ. ಮೈ ಒರೆಸುವಾಗ ಬಾಗಿಲು ಮುಚ್ಚಿ, ಉಳಿದ ಭಾಗಕ್ಕೆ ಹೊದಿಕೆ ಇರಲಿ. ಕಾಯಿಲೆಯಿಂದ ಮಾನ ಹೋಗುವುದಿಲ್ಲ, ನಮ್ಮ ಅಜಾಗರೂಕತೆಯಿಂದ ಹೋಗುತ್ತದೆ. ತೀವ್ರ ನೋವಿದ್ದರೆ ಸಹಿಸಿಕೊಳ್ಳಿ ಎನ್ನಬೇಡಿ. ಮಾರ್ಫಿನ್‌ನಂಥ ಔಷಧ ರೋಗಿಗಳಿಗೆ ಸುಲಭವಾಗಿ ಸಿಗಲೆಂದು 2014ರಲ್ಲಿ ಕಾನೂನನ್ನೇ ತಿದ್ದಲಾಗಿದೆ. ವೈದ್ಯರನ್ನು ಕೇಳಿ.

ಇನ್ನೊಂದು ಮಾತು. ಈ ಎಲ್ಲ ಕೆಲಸ ನಮ್ಮ ಮನೆಗಳಲ್ಲಿ ಯಾರ ಪಾಲಿಗೆ ಬೀಳುತ್ತದೆ? ಹೆಚ್ಚಾಗಿ ಸೊಸೆಯ ಪಾಲಿಗೆ, ಇಲ್ಲವೇ ಮಗಳ ಪಾಲಿಗೆ. ಮಗ ಔಷಧ ತಂದುಕೊಟ್ಟು ತನ್ನ ಕರ್ತವ್ಯ ಮುಗಿಯಿತೆಂದು ಹೊರಗೆ ಕೂರುತ್ತಾನೆ. ತಂದೆಯ ಮಲಮೂತ್ರ ತೆಗೆಯುವುದು ಮಗನಿಗೆ ಅವಮಾನವಲ್ಲ. ಎಳೆತನದಲ್ಲಿ ಅವನಿಗೂ ಯಾರೋ ಅದನ್ನು ಮಾಡಿದ್ದಾರೆ. ರಾತ್ರಿಯಿಡೀ ಎದ್ದಿದ್ದವಳಿಗೆ ಹಗಲಲ್ಲಿ ನಿದ್ದೆ ಸಿಗದಿದ್ದರೆ ಅವಳ ಕೈಯ ಮೃದುತ್ವ ಎಷ್ಟು ದಿನ ಉಳಿದೀತು?

ರೋಗಿಯನ್ನು ಸಂದರ್ಶಿಸುವುದು ನಮ್ಮ ಮೇಲಿರುವ ಹಕ್ಕು. ಹತ್ತು ಜನ ಸುತ್ತ ನಿಂತು, ಇದೇ ಕಾಯಿಲೆಯಿಂದ ಸತ್ತವರ ಕತೆ ಹೇಳಿ ಬಂದರೆ ಆ ಹಕ್ಕು ಸಲ್ಲುವುದಿಲ್ಲ. ಮುಂದಿನ ಸಲ ಹೋಗುವಾಗ ಹಣ್ಣಿನ ಜೊತೆ ಎರಡು ಗಂಟೆ ಬಿಡುವನ್ನೂ ಒಯ್ಯಿರಿ. "ನಾನಿಲ್ಲಿ ಕೂತಿರುತ್ತೇನೆ, ನೀನು ಸ್ವಲ್ಪ ಮಲಗಮ್ಮ" ಎಂದು ಆ ಮನೆಯ ಹೆಣ್ಣುಮಗಳಿಗೆ ಹೇಳಿ.