ಶಾರ್ಟ್ ಆದ ಗಾಡಿ ಸ್ಟಾರ್ಟ್ ಆಗದಿದ್ದಾಗ

2022ರ ಅಕ್ಟೋಬರಿನ ಒಂದು ಸಂಜೆ. ನಮ್ಮ ಚಳ್ಳಕೆರೆ ಸೀಮೆಯಲ್ಲಿ ಈರುಳ್ಳಿ ಕಿತ್ತು ಚೀಲ ತುಂಬುವ ಕಾಲ. ನಮ್ಮ ಹಳೇ ಡೀಸೆಲ್ ಮಿನಿ ಲಾರಿಗೆ 45 ಚೀಲ ಹೇರಿದ್ದೆವು. ರಾತ್ರಿ ಹೊರಟರೆ ಬೆಳಗಾಗುವುದರೊಳಗೆ ಬೆಂಗಳೂರು ಯಶವಂತಪುರ ಮಾರ್ಕೆಟ್ಟು. ಪಡುವಣದಲ್ಲಿ ಮೋಡ ಬೇರೆ ಕಟ್ಟಿತ್ತು. ಹೊಲದ ದಾರಿಯಲ್ಲಿ ಗಾಡಿ ಒಂದು ಗುಂಡಿಗೆ ಇಳಿದು ಎದ್ದಿತು. "ಅಪ್ಪಾ, ಹೊಗೆ!" ಅಂದ ಮಗ. ವೈರು ಸುಟ್ಟ ವಾಸನೆ. ಇಂಜಿನ್ ತಾನಾಗೇ ನಿಂತಿತು. ಮತ್ತೆ ಕೀಲಿ ತಿರುಗಿಸಿದರೆ ಸದ್ದಿಲ್ಲ, ಲೈಟಿಲ್ಲ.

ತಪ್ಪು ನನ್ನದೇ. ರಾತ್ರಿ ಲೋಡು ಮಾಡಲು ಹಿಂದುಗಡೆ ಒಂದು ಲೈಟು ಹಾಕಿಸಿದ್ದೆ. ಅದರ ವೈರನ್ನು ತಗಡಿನ ತೂತಿನಲ್ಲಿ ರಬ್ಬರಿಲ್ಲದೆ ತೂರಿಸಿದ್ದರು. ಅದರ ಫ್ಯೂಜು ಎರಡು ಸಲ ಹೋಯಿತು. ಮೂರನೇ ಸಲ ನಾನೇ ತಾಮ್ರದ ಎಳೆ ಸುತ್ತಿಬಿಟ್ಟೆ. "ಈಗ ಹೋಗಲ್ಲ ನೋಡು" ಅಂತ ಮಗನಿಗೆ ಹೇಳಿದ್ದೂ ಉಂಟು. ಫ್ಯೂಜು ಹೋಗಲಿಲ್ಲ, ಅದರ ಬದಲು ವೈರಿನ ಕಟ್ಟೇ ಸುಟ್ಟಿತು.

ಪಕ್ಕದೂರಿನ ಟ್ರ್ಯಾಕ್ಟರ್ ರಿಪೇರಿ ಹುಡುಗ ಬಂದ. ನಾನು ಮತ್ತೆ ಮತ್ತೆ ಕೀಲಿ ತಿರುಗಿಸುತ್ತಿದ್ದೆ. "ಯಜಮಾನ್ರೇ, ಮೊದ್ಲು ಕೀಲಿ ತೆಗೀರಿ" ಅಂದ. ಅವನು ಮಾಡಿದ್ದನ್ನು ಬ್ಯಾಟರಿ ಹಿಡಿದು ನೋಡುತ್ತಾ ನಿಂತೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಬ್ಯಾಟರಿ ಬಿಡಿಸಿ

ಮೈನಸ್ ವೈರನ್ನೇ ಮೊದಲು ಬಿಚ್ಚಬೇಕು. ಮೈನಸ್ ಗಾಡಿಯ ಮೈಗೆ ಸೇರಿರುತ್ತದೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪಾನರ್ ಬಾಡಿಗೆ ತಗುಲಿದರೆ ದೊಡ್ಡ ಕಿಡಿ. ಬ್ಯಾಟರಿಯಿಂದ ಬರುವ ಗ್ಯಾಸು ಹೊತ್ತಿಕೊಳ್ಳುವಂಥದ್ದು. ಆದ್ದರಿಂದ ಬೀಡಿಯೂ ದೂರ. ಹಾಕುವಾಗ ಮೈನಸ್ ಕೊನೆಗೆ.

ಆಮೇಲೆ ಕಣ್ಣಿನ ಕೆಲಸ. ಕರಗಿದ ವೈರು, ಇಲಿ ಕಡಿದ ಜಾಗ, ತಗಡಿಗೆ ಉಜ್ಜುವ ಜಾಗ ಹುಡುಕಿ. ಬ್ಯಾಟರಿ ಹತ್ತಿರ ಗಾಡಿಗೆಲ್ಲ ಕರೆಂಟು ಕೊಡುವ ಒಂದು ಮೇನ್ ಫ್ಯೂಜು ಇರುತ್ತದೆ. ಕೆಲವು ಗಾಡಿಯಲ್ಲಿ ಅದು ತುಂಡು ವೈರಿನ ರೂಪದಲ್ಲಿರುತ್ತದೆ. ಹೊರಗೆ ಚೆನ್ನಾಗಿ ಕಂಡರೂ ಎಳೆದರೆ ರಬ್ಬರಿನಂತೆ ಹಿಗ್ಗಿದರೆ ಒಳಗೆ ಕರಗಿದೆ ಅಂತಲೇ ಅರ್ಥ. ನಮ್ಮದು ಹಾಗೇ ಆಗಿತ್ತು.

ಬಲ್ಬಿನ ಉಪಾಯ

ಹೊಸದು ಹಾಕಿದರೆ ಮುಗಿಯಿತಲ್ಲ ಅಂದೆ. ಶಾರ್ಟ್ ಹುಡುಕದೆ ಹಾಕಿದರೆ ಅದೂ ಸುಡುತ್ತದೆ ಅಂದ. ಇಂಡಿಕೇಟರಿನ 21 ವ್ಯಾಟಿನ ಬಲ್ಬಿಗೆ ಎರಡು ವೈರು ಸೇರಿಸಿ, ಸುಟ್ಟ ಮೇನ್ ಫ್ಯೂಜಿನ ಜಾಗದಲ್ಲಿ ಸಿಕ್ಕಿಸಿದ. ಕೀಲಿ, ಸ್ವಿಚ್ಚು ಎಲ್ಲ ಆಫ್. ಬ್ಯಾಟರಿ ಜೋಡಿಸಿದ ಕೂಡಲೇ ಬಲ್ಬು ಪೂರ್ತಿ ಉರಿಯಿತು. ಅಂದರೆ ಶಾರ್ಟ್ ಇನ್ನೂ ಇದೆ. ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಬಿಡುವುದಿಲ್ಲ, ಹಾಗಾಗಿ ವೈರು ಸುಡುವ ಭಯವಿಲ್ಲ.

ಇನ್ನು ಒಂದೊಂದೇ ಫ್ಯೂಜು ಕೀಳುತ್ತಾ ಹೋದ. ನನ್ನ ತಾಮ್ರದ ಎಳೆ ಕಿತ್ತ ತಕ್ಷಣ ಬಲ್ಬು ಆರಿತು. ಅವನು ನನ್ನ ಮುಖ ನೋಡಿದ. ನಾನು ಮಾತಾಡಲಿಲ್ಲ. ಆ ಲೈನು ಹಿಡಿದು ಹೋದರೆ ತಗಡಿನ ತೂತಿನಲ್ಲಿ ಬರೀ ತಾಮ್ರ ಕಾಣುತ್ತಿತ್ತು.

ಸೆಲ್ಫ್ ತಿರುಗಿತು, ಇಂಜಿನ್ ಹಿಡಿಯಲಿಲ್ಲ

ಬೆಳಿಗ್ಗೆ ಮಗ ಚಳ್ಳಕೆರೆಯಿಂದ ಅದೇ ಅಳತೆಯ ಮೇನ್ ಫ್ಯೂಜು ತಂದ. ಹಿಂದಿನ ಲೈಟಿನ ಲೈನು ಬಿಡಿಸಿ ಇಟ್ಟೆವು. ಲೈಟು ಬಂತು, ಸೆಲ್ಫ್ ಜೋರಾಗಿ ತಿರುಗಿತು. ಇಂಜಿನ್ ಮಾತ್ರ ಹಿಡಿಯಲಿಲ್ಲ.

ಇಲ್ಲಿ ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದು ನೋಡಬೇಕು. ಲೈಟು ಪೂರಾ ಮಂಕಾದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ. ಲೈಟು ಹಾಗೇ ಇದ್ದು ಸೆಲ್ಫ್ ಸುಮ್ಮನಿದ್ದರೆ ಕೀಲಿ ಸ್ವಿಚ್ಚಿನಿಂದ ಸೆಲ್ಫಿಗೆ ಹೋಗುವ ಸಣ್ಣ ವೈರು ನೋಡಿ. ಇಂಜಿನ್ನಿಗೂ ಚಾಸಿಗೂ ನಡುವಿನ ಅರ್ತ್ ಪಟ್ಟಿಯನ್ನೂ ನೋಡಿ. ಸೆಲ್ಫ್ ಚೆನ್ನಾಗಿ ತಿರುಗಿದರೆ ತೊಂದರೆ ಡೀಸೆಲ್ ಕಡೆಗಿದೆ.

ಡೀಸೆಲ್ ಪಂಪಿನ ಮೇಲೆ ಬೆರಳು ಗಾತ್ರದ ಸೊಲೆನಾಯ್ಡ್ ಒಂದಿರುತ್ತದೆ. ಕರೆಂಟು ಬಂದರೆ ಡೀಸೆಲ್ ದಾರಿ ತೆರೆಯುತ್ತದೆ, ಹೋದರೆ ಮುಚ್ಚುತ್ತದೆ. ಕೀಲಿ ಹಾಕಿದಾಗ "ಟಕ್" ಅನ್ನಬೇಕು. ನಮ್ಮದು ಅನ್ನಲಿಲ್ಲ. ಬಲ್ಬಿನ ಒಂದು ವೈರು ಅಲ್ಲಿಗೆ, ಇನ್ನೊಂದು ಬಾಡಿಗೆ ಹಿಡಿದರೆ ಉರಿಯಲೇ ಇಲ್ಲ. ಸುಟ್ಟ ಕಟ್ಟಿನಲ್ಲೇ ಅದರ ವೈರೂ ತುಂಡಾಗಿತ್ತು. ಕೀಲಿ ಹಾಕಿದಾಗ ಮಾತ್ರ ಕರೆಂಟು ಬರುವ ಲೈನಿನಿಂದ, ನಡುವೆ ಫ್ಯೂಜು ಕೊಟ್ಟು ಹೊಸ ವೈರು ಎಳೆದ. ಟಕ್ ಅಂತು. ಎರಡನೇ ಸೆಲ್ಫಿಗೆ ಇಂಜಿನ್ ಹಿಡಿಯಿತು.

ಎಲ್ಲ ಹಳೇ ಗಾಡಿಗೂ ಈ ಸೊಲೆನಾಯ್ಡ್ ಇರುವುದಿಲ್ಲ, ಕೆಲವಕ್ಕೆ ಎಳೆಯುವ ಸ್ಟಾಪ್ ಕೇಬಲ್ ಇರುತ್ತದೆ. ಕಂಪ್ಯೂಟರ್ ಇರುವ ಹೊಸ ಗಾಡಿಗೆ ಹೀಗೆ ಬಲ್ಬು ಚುಚ್ಚಬೇಡಿ, ತಿಳಿದವರಿಗೇ ತೋರಿಸಿ.

ಇವನ್ನು ಮಾಡಬೇಡಿ

* ಫ್ಯೂಜಿನ ಬದಲು ತಾಮ್ರದ ಎಳೆ, ಸಿಗರೇಟು ಹಾಳೆ ಬೇಡ. ಆಂಪಿಯರ್ ಹೆಚ್ಚಿನದೂ ಬೇಡ.
* ಶಾರ್ಟ್ ಸಿಗುವ ತನಕ ತಳ್ಳಿ ಸ್ಟಾರ್ಟ್ ಮಾಡಬೇಡಿ.
* ಇಂಜಿನ್ ಓಡುವಾಗ ಬ್ಯಾಟರಿ ಬಿಚ್ಚಬೇಡಿ, ಚಾರ್ಜು ಮಾಡುವ ಆಲ್ಟರ್ನೇಟರ್ ಕೆಡುತ್ತದೆ.
* 12 ವೋಲ್ಟಿನ ಗಾಡಿಗೆ ದೊಡ್ಡ ಲಾರಿಯ 24 ವೋಲ್ಟಿನಿಂದ ಕರೆಂಟು ಕೊಡಬೇಡಿ.

ನಾವು ಹೊರಟದ್ದು ಮಾರನೇ ಮಧ್ಯಾಹ್ನ. ರಾತ್ರಿ ಮಳೆಗೆ ಟಾರ್ಪಾಲು ಮುಚ್ಚಿದ್ದರಿಂದ ಈರುಳ್ಳಿ ಬೆವೆತು, 7 ಚೀಲ ವಾಸನೆ ಹೊಡೆಯಿತು. ಅವನ್ನು ಕೇಳಿದಷ್ಟಕ್ಕೆ ಕೊಟ್ಟು ಬಂದೆ. ಒಂದು ಫ್ಯೂಜಿನ ದುಡ್ಡು ಉಳಿಸಲು ಹೋಗಿ ಇಷ್ಟಾಯಿತು. ಈಗ ಸೀಟಿನ ಕೆಳಗಿನ ಡಬ್ಬಿಯಲ್ಲಿ ಎಲ್ಲ ಅಳತೆಯ ಎರಡೆರಡು ಫ್ಯೂಜು, ಒಂದು ಮೇನ್ ಫ್ಯೂಜು, ವೈರು, ಟೇಪು, ಸ್ಪಾನರ್ ಇವೆ. ಆ ಬಲ್ಬೂ ಇದೆ. ಹುಡುಗ ಅದನ್ನು ವಾಪಸು ಕೇಳಲಿಲ್ಲ.