ನಿಮಗಿದು ಗೊತ್ತೆ? ಕಪ್ಪು ಪಟ್ಟಿಯೊಳಗಿನ ಒಂಬತ್ತು ಸೋಪಾನಗಳು

ಕೊರಿಯಾ ದೇಶದ ಟೇಕ್ವಾಂಡೋ ವಿದ್ಯೆಯಲ್ಲಿ ಶ್ವೇತವರ್ಣದ ಪಟ್ಟಿಯಿಂದ ಮೊದಲ್ಗೊಂಡು, ಹಳದಿ, ಹಸಿರು, ನೀಲಿ, ಕೆಂಪುಗಳನ್ನು ಕ್ರಮವಾಗಿ ದಾಟಿ, ಕಡೆಗೆ ಕಪ್ಪು ಪಟ್ಟಿಯನ್ನು ಧರಿಸಿದವನು ವಿದ್ಯಾಪಾರಂಗತನಾದನೆಂದು ಸಾಮಾನ್ಯವಾಗಿ ಭಾವಿಸುವರಾದರೂ, ವಸ್ತುತಃ ದೀರ್ಘಸಾಧನೆಗೆ ನಾಂದಿಯಾಗುವುದೇ ಅಲ್ಲಿ. 'ಡಾನ್' ಎಂದು ಕರೆಯಲ್ಪಡುವ ಒಂಬತ್ತು ಶ್ರೇಣಿಗಳು ಆ ಕಪ್ಪು ಪಟ್ಟಿಯೊಳಗೇ ಅಡಗಿವೆ. 1972ರಲ್ಲಿ ಸೋಲ್ ನಗರದಲ್ಲಿ ಸ್ಥಾಪಿತವಾದ ಕುಕ್ಕಿವಾನ್ ಸಂಸ್ಥೆಯ ಸಾಮಾನ್ಯ ನಿಯಮದಂತೆ, ಮೊದಲನೆಯ ಡಾನ್ ಪಡೆದವನು ಎರಡನೆಯದರ ಪರೀಕ್ಷೆಗೆ ಕನಿಷ್ಠ 1 ವರ್ಷ ಕಾಯಬೇಕು. ಮೇಲೇರಿದಂತೆಲ್ಲ ಈ ಅವಧಿಯೂ ಬೆಳೆಯುತ್ತ, ಎಂಟರಿಂದ ಒಂಬತ್ತಕ್ಕೇರಲು 9 ವರ್ಷಗಳೇ ಬೇಕಾಗುತ್ತವೆ. ತಾಳ್ಮೆಯನ್ನೇ ಶಿಕ್ಷಣದ ಅಂಗವನ್ನಾಗಿಸಿದ ಈ ವ್ಯವಸ್ಥೆ ಅತ್ಯಂತ ವಿವೇಕಯುತವಾದುದೆಂದೇ ಹೇಳಬೇಕು. ಇನ್ನು 15 ವರ್ಷ ತುಂಬದ ಬಾಲಕ ಬಾಲಿಕೆಯರಿಗೆ, ಅವರೆಷ್ಟೇ ನಿಪುಣರಾಗಿದ್ದರೂ, ಡಾನ್ ಪದವಿಗೆ ಬದಲಾಗಿ 'ಪೂಮ್' ಪದವಿಯೂ ಅರ್ಧ ಕೆಂಪು, ಅರ್ಧ ಕಪ್ಪು ಬಣ್ಣದ ಪಟ್ಟಿಯೂ ಸಲ್ಲುತ್ತವೆ.